ಪತ್ರಿಕೆಯೆಂಬ ಎರಡನೆಯ ಸಂಸಾರ

ಹೆಣ್ಣುಮಕ್ಕಳ ಹಕ್ಕಿನ ಪರವಾಗಿ ಪತ್ರಿಕೆ ನಡೆಸುವ ಹೆಂಗಸು ಎಂದರೆ ನಿಮ್ಮ ಕಣ್ಣ ಮುಂದೆ ಎಂಥ ಚಿತ್ರ ಬರುತ್ತದೆ, ಹೇಳಿ ನೋಡೋಣ. ಕೈಯಲ್ಲಿ ಮೈಕು, ಹೆಗಲಲ್ಲಿ ಜೋಳಿಗೆ, ಮಾತೆತ್ತಿದರೆ ಘೋಷಣೆ, ಮನೆಯಲ್ಲಿ ಒಲೆ ಹೊತ್ತಿಸದೆ ಮೂರು ದಿನ! ನಮ್ಮ ಬೀದಿಯ ಒಬ್ಬ ಹಿರಿಯರಂತೂ ನನ್ನನ್ನು ಕಂಡಾಗಲೆಲ್ಲ, “ಏನಮ್ಮಾ, ಕ್ರಾಂತಿ ಎಲ್ಲಿಗೆ ಬಂತು?” ಎಂದು ಕೇಳುತ್ತಾರೆ. “ಅಂಟು ಕಲಸೋ ಹಂತಕ್ಕೆ ಬಂದಿದೆ, ಮಾಮಾ” ಎನ್ನುತ್ತೇನೆ. ಅವರು ತಮಾಷೆಯೆಂದುಕೊಂಡು ನಗುತ್ತಾರೆ. ನಾನು ಹೇಳಿದ್ದು ಮಾತ್ರ ಅಕ್ಷರಶಃ ನಿಜ.

ದೂರದ ಬೆಟ್ಟ ನುಣ್ಣಗೆ, ಅಲ್ಲವೇ? ಹತ್ತಿರ ಬಂದು ನೋಡಿದರೆ ಈ ಕೆಲಸದಲ್ಲಿ ಮುಕ್ಕಾಲು ಪಾಲು ಕಸ ಗುಡಿಸುವುದು, ಲೆಕ್ಕ ಬರೆಯುವುದು, ಡಬ್ಬಿಗೆ ಚೀಟಿ ಅಂಟಿಸುವುದು. ಎಂದರೆ, ನೀವೂ ನಾನೂ ದಿನಾ ಮಾಡುವ ಮನೆಗೆಲಸವೇ. ಅದಕ್ಕೇ ಇವತ್ತು ನಿಮ್ಮನ್ನು ಈ ಎರಡನೆಯ ಸಂಸಾರದ ಅಡುಗೆಮನೆಗೆ ಕರೆದುಕೊಂಡು ಹೋಗೋಣ ಎಂದುಕೊಂಡಿದ್ದೇನೆ. ಬನ್ನಿ, ಚಪ್ಪಲಿ ಹೊರಗೆ ಬಿಟ್ಟರೆ ಸಾಕು, ಸಂಕೋಚವನ್ನೂ ಅಲ್ಲೇ ಬಿಡಿ.

ನಮ್ಮದು ಪುಟ್ಟ ಪತ್ರಿಕೆ. ಎರಡು ತಿಂಗಳಿಗೊಂದು ಸಂಚಿಕೆ, 32 ಪುಟ. ನಡೆಸುವವರು ಆರು ಮಂದಿ ಹೆಂಗಸರು. ಇಬ್ಬರು ನಿವೃತ್ತ ಶಿಕ್ಷಕಿಯರು, ಒಬ್ಬರು ಬ್ಯಾಂಕಿನಲ್ಲಿರುವವರು, ಒಬ್ಬಾಕೆ ಹೊಲಿಗೆ ಅಂಗಡಿ ಇಟ್ಟವಳು, ಒಬ್ಬ ಕಾಲೇಜು ಹುಡುಗಿ, ಜೊತೆಗೆ ನಾನು. ಕಚೇರಿ ಎಂದರೆ ನಮ್ಮ ಮನೆಯ ಹಿಂದಿನ ಕೋಣೆ. ಅಲ್ಲಿ ಒಂದು ಕಬ್ಬಿಣದ ಬೀರು, ಒಂದು ಹಳೇ ಕಂಪ್ಯೂಟರು, ಅಕ್ಕಿ ಮೂಟೆಯ ಪಕ್ಕದಲ್ಲಿ ಹಳೆಯ ಸಂಚಿಕೆಗಳ ಕಟ್ಟು. ಸಭೆ ಸೇರುವುದು ಶನಿವಾರ ಮಧ್ಯಾಹ್ನ ಎರಡೂವರೆಯಿಂದ ನಾಲ್ಕೂವರೆ. ಯಾಕೆ ಆ ಹೊತ್ತು ಗೊತ್ತೇ? ಊಟದ ಪಾತ್ರೆ ತೊಳೆದಾಗಿರುತ್ತದೆ, ಸಂಜೆಯ ಕಾಫಿಗೆ ಇನ್ನೂ ಹೊತ್ತಿರುತ್ತದೆ. ಹೆಂಗಸಿನ ಬಿಡುವಿಗೆ ಇರುವ ಸಂದು ಅಷ್ಟೇ ಅಗಲ.

ಮೊದಲು ಹೆಸರಿನ ಕಥೆ ಹೇಳುತ್ತೇನೆ. ಚಂದಾದಾರರ ಪುಸ್ತಕದಲ್ಲಿ ಈಗ 412 ಹೆಸರುಗಳಿವೆ. ಒಂದು ಹೆಸರು ಬರೆಯುವುದರಲ್ಲಿ ಏನು ಕಷ್ಟ ಎನ್ನುತ್ತೀರಾ? ಸ್ವಲ್ಪ ಕೇಳಿ. ಚಂದಾ ಕಳಿಸುವ ಎಷ್ಟೋ ಹೆಂಗಸರು ತಮ್ಮ ಹೆಸರು ಬರೆಯುವುದೇ ಇಲ್ಲ. “ಶ್ರೀಮತಿ” ಎಂದು ಹಾಕಿ ಮುಂದೆ ಗಂಡನ ಹೆಸರು ಬರೆದು ಕಳಿಸುತ್ತಾರೆ. ನಾವು ಫೋನು ಮಾಡಿ, “ನಿಮ್ಮ ಹೆಸರೇನಮ್ಮಾ?” ಎಂದು ಕೇಳಿದರೆ, ಆ ಕಡೆಯಿಂದ ಒಂದು ಕ್ಷಣ ಮೌನ. ಆಮೇಲೆ, “ನನ್ನ ಹೆಸರಾ? ಅದ್ಯಾಕೆ ಬೇಕು?” ಎಂಬ ನಗು. ಕೆಲವರು ಎರಡು ಹೆಸರು ಹೇಳುತ್ತಾರೆ. ತವರಿನದು ಒಂದು, ಮದುವೆಯ ದಿನ ಅಕ್ಕಿಯ ಮೇಲೆ ಬರೆಸಿದ್ದು ಇನ್ನೊಂದು. “ಯಾವುದು ಹಾಕಲಿ?” ಎಂದರೆ, ಯೋಚಿಸಿ ಮರುದಿನ ಫೋನು ಮಾಡಿದವರೂ ಉಂಟು.

ಸರಿ, ಆಕೆಯ ಸ್ವಂತ ಹೆಸರು ಬರೆದು ಕಳಿಸಿದೆವು ಎನ್ನಿ. ಪತ್ರಿಕೆ ಒಂದು ವಾರಕ್ಕೆ ಹಿಂದಕ್ಕೆ ಬರುತ್ತದೆ. “ವಿಳಾಸದಾರರು ಇಲ್ಲ” ಎಂಬ ಷರಾ! ಇಪ್ಪತ್ತೈದು ವರ್ಷದಿಂದ ಅದೇ ಮನೆಯಲ್ಲಿ ಅನ್ನ ಬೇಯಿಸುತ್ತಿರುವ ಹೆಂಗಸು ಇಲ್ಲವೇ ಇಲ್ಲ! ಅಂಚೆಯವರನ್ನು ದೂರುವಂತೆಯೂ ಇಲ್ಲ. ಬೀದಿಯಲ್ಲಿ ಆಕೆಯನ್ನು ಮೇಷ್ಟ್ರ ಹೆಂಡತಿ, ಕಿಟ್ಟನ ತಾಯಿ, ಮೂಲೆಮನೆ ಅಮ್ಮ ಎಂದೇ ಎಲ್ಲರೂ ಬಲ್ಲರು. ಹಾಗಾಗಿ ನಾವೊಂದು ಪದ್ಧತಿ ಮಾಡಿಕೊಂಡಿದ್ದೇವೆ. ಮೊದಲ ಸಾಲಿನಲ್ಲಿ ಆಕೆಯ ಹೆಸರು ದಪ್ಪಕ್ಷರದಲ್ಲಿ. ಎರಡನೆಯ ಸಾಲಿನಲ್ಲಿ, ಸಣ್ಣಕ್ಷರದಲ್ಲಿ, “ಕೇರಾಫ್” ಎಂದು ಗಂಡನದೋ ಮಗನದೋ ಹೆಸರು. ಆರು ಸಂಚಿಕೆ ಹೋದ ಮೇಲೆ ಅಂಚೆಯಣ್ಣನಿಗೆ ಹೆಸರು ಗೊತ್ತಾಗಿಬಿಡುತ್ತದೆ. ಆಗ ಎರಡನೆಯ ಸಾಲು ತೆಗೆದುಬಿಡುತ್ತೇವೆ. ನಮ್ಮ ಕೆಲಸದಲ್ಲಿ ಕ್ರಾಂತಿ ಎನ್ನುವುದೇನಾದರೂ ಇದ್ದರೆ ಅದು ಈ ಚೀಟಿಯ ಮೇಲಿದೆ ನೋಡಿ.

ಇನ್ನು ಕೆಲವು ವಿಳಾಸಗಳಿಗೆ ಪ್ರತ್ಯೇಕ ಪುಸ್ತಕವಿದೆ. ಅದನ್ನು ಬೀರುವಿನಲ್ಲಿ ಬೀಗ ಹಾಕಿ ಇಡುತ್ತೇವೆ. ಮನೆಗೆ ಬಂದ ಪತ್ರಿಕೆಯನ್ನು ಹರಿದುಹಾಕುವವರಿರುತ್ತಾರೆ, ಓದಿದ್ದಕ್ಕೆ ಬೈಗುಳ ತಿನ್ನುವವರಿರುತ್ತಾರೆ. ಅಂಥವರು ಗೆಳತಿಯ ಮನೆಗೋ, ಅಂಗನವಾಡಿಗೋ, ಹೊಲಿಗೆ ಅಂಗಡಿಗೋ ಕಳಿಸಿ ಎನ್ನುತ್ತಾರೆ. ಅಂಥ ಪ್ರತಿಗೆ ಬರೀ ಕಂದು ಲಕೋಟೆ. ಹೊರಗೆ ಪತ್ರಿಕೆಯ ಹೆಸರಿಲ್ಲ. ಯಾರಾದರೂ ಫೋನು ಮಾಡಿ, “ನಮ್ಮನೆಯವಳು ನಿಮ್ಮಲ್ಲಿ ಚಂದಾ ಕಟ್ಟಿದಾಳಾ?” ಎಂದು ಕೇಳಿದರೆ ನಮ್ಮ ಆರೂ ಜನರ ಉತ್ತರ ಒಂದೇ: “ಚಂದಾದಾರರ ವಿಷಯ ನಾವು ಯಾರಿಗೂ ಹೇಳುವುದಿಲ್ಲ, ಸ್ವಾಮಿ.” ಹೌದೆಂದೂ ಇಲ್ಲ, ಅಲ್ಲವೆಂದೂ ಇಲ್ಲ.

ಇದೆಲ್ಲ ನಾವೇ ಕಂಡುಹಿಡಿದ ಕಷ್ಟವೆಂದು ಭಾವಿಸಬೇಡಿ. ನಮಗಿಂತ ನೂರು ವರ್ಷ ಮೊದಲೇ ಈ ದಾರಿ ಸವೆಸಿದ ಹಿರಿಯರಿದ್ದಾರೆ. ನಂಜನಗೂಡು ತಿರುಮಲಾಂಬಾ ಅವರ ಹೆಸರು ನೀವು ಕೇಳಿರಬಹುದು. 1887ರಲ್ಲಿ ಹುಟ್ಟಿದವರು. ಬಾಲ್ಯದಲ್ಲೇ ಮದುವೆ, ಹದಿಹರೆಯದಲ್ಲೇ ವೈಧವ್ಯ. ಮೂಲೆಯಲ್ಲಿ ಕೂತು ಕಾಲ ಕಳೆಯಬೇಕೆಂದು ಆ ಕಾಲ ತೀರ್ಮಾನಿಸಿದ್ದ ಹುಡುಗಿ, 1913ರಲ್ಲಿ ‘ಸತೀ ಹಿತೈಷಿಣೀ’ ಎಂಬ ಗ್ರಂಥಮಾಲೆಯನ್ನೇ ಆರಂಭಿಸಿ ‘ಸುಶೀಲೆ’ ಎಂಬ ತಮ್ಮ ಕಾದಂಬರಿಯನ್ನು ಪ್ರಕಟಿಸಿದರು. ಆಮೇಲೆ ‘ಕರ್ನಾಟಕ ನಂದಿನಿ’ ಎಂಬ ಮಾಸಪತ್ರಿಕೆಯನ್ನು ತಾವೇ ನಡೆಸಿದರು. ಬೆಂಗಳೂರಿನಲ್ಲಿ ಆರ್. ಕಲ್ಯಾಣಮ್ಮನವರು, ಅವರೂ ಬಾಲವಿಧವೆಯೇ, ‘ಸರಸ್ವತಿ’ ಪತ್ರಿಕೆಯನ್ನು ನಾಲ್ಕು ದಶಕಗಳ ಕಾಲ ಹೊರತಂದರು. ನಾಲ್ಕು ದಶಕ! ಒಂದು ಸಂಸಾರ ಮೊಮ್ಮಕ್ಕಳನ್ನು ಕಾಣುವಷ್ಟು ಕಾಲ.

ಅವರ ಬರವಣಿಗೆಯ ಬಗ್ಗೆ ಪಂಡಿತರು ಬರೆದಿದ್ದಾರೆ. ನನಗೆ ಮಾತ್ರ ಅವರ ಬೇರೆ ಕೆಲಸ ನೆನಪಾಗುತ್ತದೆ. ಕಂಪ್ಯೂಟರಿಲ್ಲ, ಫೋನಿಲ್ಲ. ಅಚ್ಚಿನ ಮೊಳೆಗಳನ್ನು ಒಂದೊಂದಾಗಿ ಜೋಡಿಸಬೇಕಾದ ಕಾಲ. ಕಾಗದಕ್ಕೆ ದುಡ್ಡು ಹೊಂದಿಸಿ, ಬಾಕಿ ಚಂದಾ ಕೇಳಿ, ಪ್ರೂಫು ತಿದ್ದಿ, ಕಟ್ಟು ಕಟ್ಟಿ ಅಂಚೆಗೆ ಹಾಕಿದಾಗಲೇ ಪತ್ರಿಕೆ ಓದುಗರ ಕೈಗೆ ಸೇರುವುದು. ಆ ದಿನಚರಿಯನ್ನು ಯಾರೂ ಬರೆದಿಡುವುದಿಲ್ಲ. ಮನೆಗೆಲಸದ ಹಣೆಬರಹವೇ ಅದು. ಮಾಡಿದರೆ ಕಾಣುವುದಿಲ್ಲ, ಬಿಟ್ಟರೆ ಊರಿಗೆಲ್ಲ ಕಾಣುತ್ತದೆ. ತಿರುಮಲಾಂಬಾ 1982ರಲ್ಲಿ, ತುಂಬು ವಯಸ್ಸಿನಲ್ಲಿ ತೀರಿಕೊಂಡರು. ನಮ್ಮ ಬೀರುವಿನ ಬಾಗಿಲಿಗೆ ಒಳಗಡೆಯಿಂದ ಅವರದೊಂದು ಚಿತ್ರ ಅಂಟಿಸಿದ್ದೇವೆ. ಲೆಕ್ಕದ ಪುಸ್ತಕ ತೆಗೆಯಲು ಬಾಗಿಲು ತೆರೆದಾಗಲೆಲ್ಲ ಅವರು ನಮ್ಮನ್ನು ನೋಡುತ್ತಾರೆ.

ಲೆಕ್ಕವೆಂದೆನಲ್ಲ, ಅದನ್ನೂ ಹೇಳಿಬಿಡುತ್ತೇನೆ. ವರ್ಷದ ಚಂದಾ 200 ರೂಪಾಯಿ. 412 ಜನರೂ ಕೊಟ್ಟರೆ 82,400. ಒಂದು ಸಂಚಿಕೆಗೆ ಕಾಗದ, ಅಚ್ಚು ಎರಡೂ ಸೇರಿ ಸುಮಾರು 11,000. ಆರು ಸಂಚಿಕೆಗೆ 66,000. ಉಳಿದದ್ದು 16,400. ಅದರಲ್ಲಿ ಬರೆದವರಿಗೆ ಕೊಡುವುದು 4,500. ಸಂಚಿಕೆಗೆ ಐದು ಜನ, ತಲಾ 150 ರೂಪಾಯಿ. “ಇಷ್ಟು ಚಿಕ್ಕ ಪತ್ರಿಕೆಗೆ ಸಂಭಾವನೆ ಯಾಕೆ? ಹೆಸರು ಬಂದರೆ ಸಾಕು ಅವರಿಗೆ” ಎಂದವರಿದ್ದಾರೆ. ಹೆಂಗಸಿನ ದುಡಿಮೆಗೆ ಬೆಲೆ ಕಟ್ಟಿರೆಂದು ಪುಟ ತುಂಬ ಅಚ್ಚು ಹಾಕಿ, ಆ ಪುಟ ಬರೆದವಳಿಗೇ ಬಿಡಿಗಾಸು ಕೊಡದಿದ್ದರೆ ಅದು ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬಂತಾಗುವುದಿಲ್ಲವೇ? 150 ರೂಪಾಯಿಗೆ ಏನು ಬರುತ್ತದೆ ಎಂದು ಕೇಳಬೇಡಿ. ಹಳ್ಳಿಯ ಒಬ್ಬ ತಾಯಿ, “ನನ್ನ ಸ್ವಂತ ಸಂಪಾದನೆ ಇದೇ ಮೊದಲು” ಎಂದು ಆ ದುಡ್ಡಿನಲ್ಲಿ ಒಂದು ಸ್ಟೀಲಿನ ಡಬ್ಬಿ ತಂದು ಅದರ ಮೇಲೆ ತಮ್ಮ ಹೆಸರು ಕೊರೆಸಿದರು. ಮಿಕ್ಕ 11,900ರಲ್ಲಿ ಅಂಚೆ, ಲಕೋಟೆ, ಫೋನು ಎಲ್ಲ ಆಗಬೇಕು.

ಜಾಹೀರಾತು ತೆಗೆದುಕೊಳ್ಳಬಾರದೇ ಎನ್ನುತ್ತೀರಿ. ಬರುತ್ತವೆ. ಮುಖ ಬೆಳ್ಳಗಾಗುವ ಕ್ರೀಮಿನದು ಬರುತ್ತದೆ. “ಮಗಳ ಮದುವೆಯೇ? ಚಿಂತೆ ಬಿಡಿ” ಎನ್ನುವ ಒಡವೆ ಸಾಲದ್ದು ಬರುತ್ತದೆ. ಒಂದು ಪುಟದಲ್ಲಿ ವರದಕ್ಷಿಣೆ ಬೇಡವೆಂದು ಬರೆದು ಅದರ ಬೆನ್ನಿಗೇ ಇದನ್ನು ಹಾಕಿದರೆ ಓದುಗರು ನಮ್ಮ ಮುಖಕ್ಕೆ ಏನೆನ್ನಬೇಡ? 1970ರ ದಶಕದ ಕೊನೆಯಲ್ಲಿ ದೆಹಲಿಯಲ್ಲಿ ಆರಂಭವಾದ ‘ಮಾನುಷಿ’ ಜಾಹೀರಾತಿಲ್ಲದೆ, ಚಂದಾದಾರರನ್ನೇ ನಂಬಿ ನಡೆದ ಪತ್ರಿಕೆ. ಅಮೆರಿಕದ ‘ಮಿಸ್’ ಪತ್ರಿಕೆ 1972ರಿಂದ ಬಹುಕಾಲ ಜಾಹೀರಾತುಗಳೊಡನೆ ಹೆಣಗಾಡಿ, 1990ರಲ್ಲಿ ಅವನ್ನು ಪೂರ್ತಿ ಬಿಟ್ಟೇಬಿಟ್ಟಿತು. ಅದರ ಸಂಪಾದಕಿಯಾಗಿದ್ದ ಗ್ಲೋರಿಯಾ ಸ್ಟೈನಮ್ ಆಗ ಬರೆದ ಲೇಖನದಲ್ಲಿ ಒಂದು ಸ್ವಾರಸ್ಯವಿದೆ. ತಿಂಡಿ ಪದಾರ್ಥದ ಕಂಪನಿಗಳು ಜಾಹೀರಾತು ಕೊಡಬೇಕಾದರೆ ಪತ್ರಿಕೆಯಲ್ಲಿ ಅಡುಗೆಯ ಪುಟ ಇರಲೇಬೇಕೆಂದು ಬಯಸುತ್ತಿದ್ದವಂತೆ!

ಹಾಗೆಂದು ಅಡುಗೆ ಪುಟವೆಂದರೆ ನಾನು ಮೂಗು ಮುರಿಯುತ್ತೇನೆಂದು ತಿಳಿಯಬೇಡಿ. ನೀವು ಈ ಪತ್ರಿಕೆ ಕೈಗೆ ತೆಗೆದುಕೊಂಡೊಡನೆ ಮೊದಲು ಯಾವ ಪುಟ ತಿರುವುತ್ತೀರೆಂಬುದು ನನಗೆ ಗೊತ್ತು. ನಾನೂ ಅದನ್ನೇ ತಿರುವುತ್ತೇನೆ! ನಮ್ಮಲ್ಲೂ ಅಡುಗೆ ಪುಟ ಇದೆ, ಕಂಪನಿಗಾಗಿ ಅಲ್ಲ, ನಮಗಾಗಿ. ಆದರೆ ಒಂದು ಸಾಲು ಜಾಸ್ತಿ. ಬೇಕಾಗುವ ಸಾಮಾನಿನ ಜೊತೆ ಬೇಕಾಗುವ ಹೊತ್ತನ್ನೂ ಬರೆಯಬೇಕು. ಹೋದ ಯುಗಾದಿಗೆ ಒಬ್ಬ ಓದುಗರು ಒಬ್ಬಟ್ಟಿಗೆ ಬರೆದ ಲೆಕ್ಕ ಇದು: ಬೇಳೆ ಬೇಯಿಸಿ ಕಟ್ಟು ಬಸಿಯಲು 30 ನಿಮಿಷ, ಹೂರಣ ರುಬ್ಬಲು 20, ಕಣಕ ನಾದಲು 15, ತಟ್ಟಿ ಬೇಯಿಸಲು 90, ಪಾತ್ರೆ ತೊಳೆದು ಕಟ್ಟೆ ಒರೆಸಲು 40. ಒಟ್ಟು 3 ಗಂಟೆ 15 ನಿಮಿಷ. ಕೊನೆಗೆ ಒಂದು ಸಾಲು: “ಮನೆಯವರು ತಿಂದು ಮುಗಿಸಲು 12 ನಿಮಿಷ.” ಅದನ್ನು ಓದಿ ನಗದ ಹೆಂಗಸಿಲ್ಲ. ಕೆಲವು ಮನೆಗಳಲ್ಲಿ ಗಂಡಸರೂ ಓದಿದರಂತೆ. ಒಬ್ಬರು, “ಪಾತ್ರೆಯ 40 ನಿಮಿಷ ಇನ್ನು ಮೇಲೆ ನನ್ನದು” ಎಂದು ಕಾರ್ಡು ಬರೆದಿದ್ದರು. ಅದನ್ನು ಅವರ ಮನೆಯಾಕೆಯಿಂದ ಖಚಿತಪಡಿಸಿಕೊಂಡೇ ಅಚ್ಚು ಹಾಕಿದೆವು!

ನಗೆಯ ಹಿಂದೆ ಗಟ್ಟಿ ಲೆಕ್ಕವೂ ಇದೆ. ಕೇಂದ್ರ ಸರಕಾರದ ಅಂಕಿಅಂಶ ಕಚೇರಿ 2024ರಲ್ಲಿ ದೇಶದ ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆಂದು ಸಮೀಕ್ಷೆ ಮಾಡಿತು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಅದರಲ್ಲೇ ಕಳೆದರೆ, ಆ ಕೆಲಸಕ್ಕೆ ಕೈಹಚ್ಚಿದ ಗಂಡಸರು ಕಳೆಯುವುದು 88 ನಿಮಿಷ. ಕೈಯೇ ಹಚ್ಚದ ಗಂಡಸರು ಈ ಸರಾಸರಿಯಲ್ಲಿ ಸೇರಿಯೇ ಇಲ್ಲ! 289 ನಿಮಿಷವೆಂದರೆ ಐದು ಗಂಟೆಗೆ ಹನ್ನೊಂದೇ ನಿಮಿಷ ಕಡಿಮೆ. ನಮ್ಮ ಸಭೆಗೆ ಎರಡು ಗಂಟೆ ಸಿಗುವುದೇ ದೊಡ್ಡದು ಯಾಕೆಂದು ಈಗ ತಿಳಿಯಿತೇ?

ಆ ಸಭೆಯಲ್ಲೂ ಒಂದು ನಿಯಮ. ಕಾಫಿ ಸರದಿಯ ಮೇಲೆ. ಕುಡಿದ ಲೋಟ ಅವರವರೇ ತೊಳೆಯಬೇಕು. ಮನೆ ನನ್ನದಾದ್ದರಿಂದ ಕಾಫಿಯೂ ನನ್ನದೇ ಎಂದಾದರೆ, ನಾನು ಚರ್ಚೆಗಿಂತ ಹೆಚ್ಚು ಹೊತ್ತು ಒಲೆಯ ಮುಂದೆಯೇ ಇರಬೇಕಾಗುತ್ತದೆ.

ಪ್ರೂಫು ನೋಡುವ ಕೆಲಸ ಅಕ್ಕಿ ಆರಿಸುವ ಕೆಲಸದಂತೆಯೇ. ಕಣ್ಣು ಸ್ವಲ್ಪ ಆಚೀಚೆ ಹೋದರೆ ಕಲ್ಲು ಹಲ್ಲಿಗೆ ಸಿಕ್ಕುತ್ತದೆ. ಓದುಗರು ಕೈಯಲ್ಲಿ ಬರೆದದ್ದನ್ನು ನಮ್ಮ ಕಾಲೇಜು ಹುಡುಗಿ ಟೈಪು ಮಾಡುತ್ತಾಳೆ. ‘ನುಡಿ’ಯಲ್ಲಿ ಬಂದದ್ದು, ‘ಬರಹ’ದಲ್ಲಿ ಬಂದದ್ದು, ಮೊಬೈಲಿನಲ್ಲಿ ಬಂದದ್ದು ಎಲ್ಲವನ್ನೂ ಒಂದೇ ಅಕ್ಷರಕ್ಕೆ ತರುವಾಗ ಒತ್ತಕ್ಷರಗಳು ಸಂತೆಯಲ್ಲಿ ಕೈಬಿಟ್ಟ ಮಕ್ಕಳ ಹಾಗೆ ದಿಕ್ಕಾಪಾಲು. ಒಮ್ಮೆ ಅಚ್ಚಿನ ಮನೆಯಿಂದ ಬಂದ ಪ್ರೂಫಿನಲ್ಲಿ “ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಸಮಾನ ಹಕ್ಕಿ” ಎಂದಿತ್ತು. “ಹಕ್ಕಿಯಾದರೆ ಹಾರಿಹೋದೀತು, ಹಕ್ಕೇ ಇರಲಿ” ಎಂದು ಹೊಲಿಗೆ ಅಂಗಡಿಯಾಕೆ ಕೆಂಪು ಗೆರೆ ಎಳೆದಳು. ಅಂದ ಹಾಗೆ, ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗನಷ್ಟೇ ಪಾಲು ಮಗಳಿಗೂ ಉಂಟೆಂದು ಕರ್ನಾಟಕ 1994ರಲ್ಲೇ ತಿದ್ದುಪಡಿ ಮಾಡಿತ್ತು. ದೇಶಕ್ಕೆಲ್ಲ ಅದು ಬಂದದ್ದು 2005ರಲ್ಲಿ. ಇದನ್ನು ನಾವು ವರ್ಷಕ್ಕೊಂದು ಸಲವಾದರೂ ಅಚ್ಚು ಹಾಕುತ್ತೇವೆ. ಪ್ರತಿ ಸಲವೂ ಯಾರೋ ಒಬ್ಬರು, “ಹೌದಾ ಮೇಡಂ? ನಮಗೆ ಯಾರೂ ಹೇಳಲೇ ಇಲ್ಲ” ಎಂದು ಬರೆಯುತ್ತಾರೆ.

ಈಗ ಪತ್ರಗಳ ವಿಷಯಕ್ಕೆ ಬರೋಣ. ನಮ್ಮಲ್ಲಿ ಮೂರು ಬಿಸ್ಕತ್ತಿನ ಡಬ್ಬಿಗಳಿವೆ. ಮೊದಲನೆಯದರಲ್ಲಿ ಮೆಚ್ಚಿದವರ ಪತ್ರ. ಎರಡನೆಯದರಲ್ಲಿ ಬೈದವರದು. ಮೂರನೆಯದರಲ್ಲಿ ಕಷ್ಟ ಹೇಳಿಕೊಂಡವರದು.

ಬೈಯುವವರಲ್ಲಿ ಎರಡು ಜಾತಿ. ಒಬ್ಬರು ವಾದ ಹೂಡಿ ಬೈಯುತ್ತಾರೆ: “ನೀವು ಹೀಗೆ ಬರೆದರೆ ಸಂಸಾರ ಒಡೆಯುವುದಿಲ್ಲವೇ?” ಎಂದು. ಅಂಥದ್ದನ್ನು ಸಂಚಿಕೆಗೊಂದರಂತೆ ತಪ್ಪದೆ ಹಾಕುತ್ತೇವೆ, ಕೆಳಗೆ ನಮ್ಮ ಮಾತು ಸೇರಿಸದೆ. ಉತ್ತರ ಮುಂದಿನ ಸಂಚಿಕೆಯಲ್ಲಿ ಓದುಗರೇ ಬರೆಯುತ್ತಾರೆ, ನಮಗಿಂತ ಚೆನ್ನಾಗಿ. ಇನ್ನೊಬ್ಬರು ಹೆಸರಿಲ್ಲದೆ ಹೊಲಸು ಬರೆಯುತ್ತಾರೆ. ಅದಕ್ಕೆ ಉತ್ತರವಿಲ್ಲ. ಆದರೆ ಹರಿದು ಎಸೆಯುವುದೂ ಇಲ್ಲ. ಬೆದರಿಕೆಯಿದ್ದರೆ ಲಕೋಟೆ ಸಮೇತ, ಬಂದ ತಾರೀಖು ಬರೆದು ಇಡುತ್ತೇವೆ, ನಾಳೆ ಪೊಲೀಸರ ಮುಂದಿಡಬೇಕಾಗಿ ಬಂದರೆ ಇರಲಿ ಎಂದು. ಓದುವ ಸರದಿ ತಿಂಗಳಿಗೊಬ್ಬರದು. ಆ ಕೊಳೆಯನ್ನು ಒಬ್ಬಳೇ ದಿನಾ ತೊಳೆಯಬೇಕೆಂದರೆ ಯಾವ ಕೈಯಾದರೂ ಬಿರಿಯುತ್ತದೆ.

ಮೂರನೆಯ ಡಬ್ಬಿಯೇ ನಮ್ಮ ನಿದ್ದೆ ಕೆಡಿಸುವುದು. ಅದರಲ್ಲಿ ಬಂದ ಪತ್ರಕ್ಕೆ ಮೂರು ದಿನದೊಳಗೆ ಉತ್ತರ ಹೋಗಲೇಬೇಕು, ಪತ್ರಿಕೆ ತಡವಾದರೂ ಸರಿ. ನಾವು ವಕೀಲರಲ್ಲ, ವೈದ್ಯರಲ್ಲ. ದಾರಿ ತೋರಿಸಬಹುದು ಅಷ್ಟೇ. ನಿಮಗೂ ಯಾವತ್ತಾದರೂ, ನಿಮಗಲ್ಲದಿದ್ದರೆ ನೆರೆಮನೆಯಾಕೆಗೆ, ಬೇಕಾದೀತು, ಇಲ್ಲಿ ಬರೆದಿಡುತ್ತೇನೆ. ಮಹಿಳಾ ಸಹಾಯವಾಣಿ 181. ಜೀವಕ್ಕೆ ಕುತ್ತೆಂದರೆ 112. ಕಾನೂನು ನೆರವಿಗೆ 15100. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯ ಪ್ರಕಾರ ಯಾವ ಹೆಂಗಸಿಗೇ ಆಗಲಿ, ಆಕೆಯ ಆದಾಯವೆಷ್ಟೇ ಇರಲಿ, ಉಚಿತ ಕಾನೂನು ನೆರವು ಕೇಳುವ ಹಕ್ಕಿದೆ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ವಿಚಾರಿಸಿದರೆ ಆ ಕಚೇರಿ ತೋರಿಸುತ್ತಾರೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆಯಂತೆ, ಮನೆ ಯಾರ ಹೆಸರಿನಲ್ಲೇ ಇರಲಿ, ತಾನು ಬಾಳಿದ ಮನೆಯಲ್ಲಿ ವಾಸಿಸುವ ಹಕ್ಕು ಹೆಂಗಸಿಗಿದೆ. “ನಡಿ ಆಚೆಗೆ” ಎಂದೊಡನೆ ನಡೆಯಬೇಕಾಗಿಲ್ಲ.

ಈ ಡಬ್ಬಿಯ ಪತ್ರಗಳನ್ನು ಅಚ್ಚು ಹಾಕುವುದಿದ್ದರೆ ಬರೆದಾಕೆಯ ಒಪ್ಪಿಗೆ ಬೇಕು, ಅದೂ ಎರಡು ಸಲ. ಬರೆದ ದಿನದ ಸಿಟ್ಟು ವಾರದ ಮೇಲೆ ಇರುತ್ತದೋ ಇಲ್ಲವೋ, ಕೇಳಬೇಕು. ಹೆಸರು, ಊರು, ಮಕ್ಕಳ ಸಂಖ್ಯೆ, ಗಂಡನ ಉದ್ಯೋಗ ಎಲ್ಲ ಬದಲಿಸುತ್ತೇವೆ. ಅತ್ಯಾಚಾರಕ್ಕೊಳಗಾದವರ ಗುರುತು ಹೊರಗೆಡಹುವುದಂತೂ ಕಾನೂನಿನ ಪ್ರಕಾರವೇ ಅಪರಾಧ. ಹಳೆಯ ದಂಡ ಸಂಹಿತೆಯಲ್ಲಿ ಅದು 228-ಎ ಎಂದಿತ್ತು; 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 72ನೆಯ ಕಲಮು.

ಹೆಸರು ಬದಲಿಸುವುದು ಹೀಗೆ ನಮಗೆ ಅಭ್ಯಾಸವಾಗಿಬಿಟ್ಟಿರುವಾಗ, ಒಂದು ಪತ್ರ ಬಂತು. ಬರೆದಾಕೆ ಒಂದು ಸಣ್ಣ ಊರಿನ ಹೋಟೆಲಿನವರ ಮನೆಯ ಹಿರಿ ಸೊಸೆ. ಹೊಡೆತ ಬಡಿತದ ಕಥೆಯಲ್ಲ. “22 ವರ್ಷದಿಂದ ಬೆಳಗಿನ ನಾಲ್ಕಕ್ಕೆ ಎದ್ದು ಈ ಹೋಟೆಲಿನ ಇಡ್ಲಿ ಹಿಟ್ಟು, ಚಟ್ನಿ, ಸಾಂಬಾರಿನ ಪುಡಿ ನನ್ನ ಕೈಯಲ್ಲೇ ಆಗಿದೆ. ಬೋರ್ಡಿನ ಮೇಲೆ ಮಾವನವರ ಹೆಸರು. ಈಗ ಅಣ್ಣತಮ್ಮಂದಿರು ಪಾಲಾಗುತ್ತಿದ್ದಾರೆ. ಪಾತ್ರೆ ಪಡಗ, ಗ್ರೈಂಡರು ಎಲ್ಲ ಪಟ್ಟಿಯಲ್ಲಿ ಬಂತು. ನಾನು ಯಾವ ಪಟ್ಟಿಯಲ್ಲೂ ಇಲ್ಲ” ಎಂದು ಬರೆದಿದ್ದರು. ಕೊನೆಗೆ, “ಇದನ್ನು ನನ್ನ ಹೆಸರು ಹಾಕಿಯೇ ಪ್ರಕಟಿಸಬೇಕು” ಎಂಬ ಷರತ್ತು.

ಎರಡು ಶನಿವಾರ ನಮ್ಮಲ್ಲಿ ಜಗಳವೇ ಆಯಿತು. “ಆ ಊರಲ್ಲಿ ಇರುವುದೇ ಮೂರು ಹೋಟೆಲು. ನಾಳೆ ಅವರ ಮನೆಯಲ್ಲಿ ರಾದ್ಧಾಂತವಾದರೆ ನಾವು ಹೋಗಿ ನಿಲ್ಲುತ್ತೇವೆಯೇ?” ಎಂದು ಬ್ಯಾಂಕಿನವರು. “ಅವರೇನು ಎಳೇ ಮಗುವೇ? ಅವರ ಹೆಸರು ಅವರದು” ಎಂದು ನಿವೃತ್ತ ಮೇಡಂ. ಇಬ್ಬರ ಮಾತೂ ಸರಿಯೇ. ಕೊನೆಗೆ ಆಕೆಗೆ ಫೋನು ಮಾಡಿ ಆಗಬಹುದಾದ ತೊಂದರೆಗಳನ್ನೆಲ್ಲ ಒಂದೊಂದಾಗಿ ಹೇಳಿದೆವು. ಆಕೆ ಎಲ್ಲ ಕೇಳಿ, “ಅಕ್ಕಾ, ಮದುವೆಯಲ್ಲಿ ಒಂದು ಹೆಸರು ತೆಗೆದರು. ಹೋಟೆಲಿನ ಕೆಲಸದಲ್ಲಿ ಇನ್ನೊಂದು ಹೋಯಿತು. ಈಗ ನೀವೂ ತೆಗೆದು ಬೇರೆ ಹಾಕ್ತೀರಾ?” ಎಂದರು. ನಮ್ಮ ಆರೂ ಜನಕ್ಕೆ ಮಾತು ಹೊರಡಲಿಲ್ಲ.

ಹದಿನೈದು ದಿನ ಬಿಟ್ಟು ಮತ್ತೆ ಕೇಳಿದೆವು. ಅದೇ ಉತ್ತರ. ಅಚ್ಚಿಗೆ ಕೊಡುವ ಮುನ್ನ ಪ್ರೂಫನ್ನು ಫೋನಿನಲ್ಲಿ ಪೂರ್ತಿ ಓದಿ ಹೇಳಿದೆವು. ಒಂದು ಕಡೆ, “ಅಲ್ಲಿ 22 ಅಲ್ಲ, ಈ ತಿಂಗಳಿಗೆ 23 ತುಂಬ್ತು” ಎಂದು ತಿದ್ದಿಸಿದರು. ಅವರ ಹೆಸರಿನಲ್ಲೇ ಪ್ರಕಟವಾಯಿತು. ಇಲ್ಲಿ ಮಾತ್ರ ಆ ಹೆಸರನ್ನು ನಾನು ಬರೆಯುವುದಿಲ್ಲ. ಅವರು ಒಪ್ಪಿಗೆ ಕೊಟ್ಟದ್ದು ಆ ಸಂಚಿಕೆಗೆ, ಈ ಲೇಖನಕ್ಕಲ್ಲ.

ಆಮೇಲೇನಾಯಿತು ಎನ್ನುತ್ತೀರಾ? ಸಿನಿಮಾದಲ್ಲಿ ಆಗುವಂಥದ್ದೇನೂ ಆಗಲಿಲ್ಲ. ಆ ಮನೆಯ ಗಂಡಸರೊಬ್ಬರು ಬಸ್ಸು ಹತ್ತಿ ನಮ್ಮಲ್ಲಿಗೆ ಬಂದರು. ಕಾಫಿ ಕೊಟ್ಟು, “ಬರೆದದ್ದರಲ್ಲಿ ಸುಳ್ಳೇನಾದರೂ ಇದೆಯೇ?” ಎಂದು ಕೇಳಿದೆವು. ತುಂಬ ಹೊತ್ತು ಸುಮ್ಮನಿದ್ದು, “ಸುಳ್ಳೇನಿಲ್ಲ. ಆದ್ರೆ ಬರೆಯೋದು ಯಾಕೆ?” ಎಂದರು. ಅದಕ್ಕೆ ನಾವು ಉತ್ತರ ಹೇಳಲಿಲ್ಲ. ಅವರೂ ಮತ್ತೆ ಕೇಳಲಿಲ್ಲ. ಆಕೆಯ ಮನೆಯಲ್ಲಿ ಒಂದು ತಿಂಗಳು ಯಾರೂ ಸರಿಯಾಗಿ ಮಾತಾಡಲಿಲ್ಲವಂತೆ. ಪಾಲುಪಟ್ಟಿಯಲ್ಲಿ ಅವರ ಹೆಸರು ಇನ್ನೂ ಬಂದಿಲ್ಲ. ಈಗಲೂ ನಾಲ್ಕಕ್ಕೇ ಏಳುತ್ತಾರೆ. ಆದರೆ ದಿನದ ಗಲ್ಲೆಯಿಂದ ಅವರ ಕೈಗೂ ಇಂತಿಷ್ಟೆಂದು ಬರತೊಡಗಿದೆ, ಮಗಳು ಅದನ್ನು ಪುಸ್ತಕದಲ್ಲಿ ಬರೆದಿಡುತ್ತಾಳೆ ಎಂದು ಕಾರ್ಡು ಬರೆದಿದ್ದರು. ಚಂದಾ ಮುಗಿದಾಗ ಆ ದುಡ್ಡಿನಿಂದಲೇ ನವೀಕರಿಸಿ, “ಇನ್ನು ಕೇರಾಫ್ ಬೇಡ, ಅಂಚೆಯವನಿಗೆ ಗೊತ್ತು” ಎಂದು ಕೊನೆಗೊಂದು ಸಾಲು ಸೇರಿಸಿದ್ದರು.

ಇಷ್ಟಕ್ಕಾಗಿ ಇಷ್ಟೆಲ್ಲ ಒದ್ದಾಟವೇ ಎಂದು ನಿಮಗೆ ಅನ್ನಿಸಬಹುದು. ನಮಗೂ ಕೆಲವು ಸಲ, ಕಾಗದದ ಬೆಲೆ ಏರಿದ ದಿನ, ಮಳೆಗೆ ಕಟ್ಟು ನೆನೆದ ದಿನ, ಹಾಗೆ ಅನ್ನಿಸುತ್ತದೆ. ಆದರೆ ನೋಡಿ, ಮನೆಯ ಕಸವನ್ನು ಒಂದೇ ದಿನ ಗುಡಿಸಿ ಸಾಕೆನ್ನುತ್ತೇವೆಯೇ? ನಾಳೆ ಮತ್ತೆ ಬೀಳುತ್ತದೆಂದು ಗೊತ್ತಿದ್ದೂ ಇವತ್ತು ಗುಡಿಸುತ್ತೇವೆ. ಹೆಂಗಸಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ನಿಮ್ಮ ಬೀದಿಯಲ್ಲೂ ಇಂಥದ್ದೊಂದು ಮಾಡಬೇಕೆನ್ನಿಸಿದರೆ ಹೆದರಬೇಡಿ. ಅಚ್ಚು ಹಾಕಿ ನಿಯಮಿತವಾಗಿ ತರುವ ಪತ್ರಿಕೆಗೆ ನೋಂದಣಿ ಬೇಕು. 1867ರ ಹಳೆಯ ಕಾಯಿದೆಯ ಜಾಗಕ್ಕೆ 2023ರ ಹೊಸ ಕಾಯಿದೆ ಬಂದು, 2024ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಅದೆಲ್ಲ ಆಮೇಲೆ ಇರಲಿ. ಮೊದಲು ನಾಲ್ಕೈದು ಮಂದಿ ಸೇರಿ ಒಂದು ಕೈಬರಹದ ಸಂಚಿಕೆ ತನ್ನಿ. ಮನೆಯಿಂದ ಮನೆಗೆ ಓಡಾಡಲಿ. ಎರಡು ನೂರು ಪುಟದ ಒಂದು ನೋಟುಪುಸ್ತಕ, ಎರಡು ಪೆನ್ನು, ವಾರಕ್ಕೆರಡು ಗಂಟೆ ಇದ್ದರೆ ಸಾಕು. ಯಾರು ಬರೆಯುತ್ತಾರೆ, ಯಾರು ತಲುಪಿಸುತ್ತಾರೆ, ಯಾರು ಕಾಫಿ ಮಾಡುತ್ತಾರೆ ಎಂಬುದನ್ನು ಮೊದಲ ದಿನವೇ ಹಂಚಿಕೊಳ್ಳಿ. ಕೊನೆಯದ್ದನ್ನು ಮರೆಯಬೇಡಿ, ಮುಕ್ಕಾಲು ಮನಸ್ತಾಪ ಅಲ್ಲೇ ಹುಟ್ಟುವುದು.

ನೋಟುಪುಸ್ತಕದ ಮೊದಲ ಪುಟದಲ್ಲಿ ಸೇರಿದವರೆಲ್ಲರ ಹೆಸರು ಬರೆಯಿರಿ. ಇಂಥವರ ಹೆಂಡತಿ, ಇಂಥವನ ತಾಯಿ ಎಂದಲ್ಲ, ಅವರವರ ಹೆಸರು. ಬರೆದಾದ ಮೇಲೆ ಒಂದು ಸಲ ಗಟ್ಟಿಯಾಗಿ ಓದಿ. ಹೇಗನ್ನಿಸಿತು ಎಂದು ನನಗೊಂದು ಕಾರ್ಡು ಹಾಕುತ್ತೀರಿ, ಅಲ್ಲವೇ?